ಅಪ್‌ಡೇಟ್: ಒಂದೇ ತಂತ್ರಾಂಶಕ್ಕೆ ಹಲವು ದಾಖಲೆಗಳು

ಮಡಿಕೇರಿಯ ನಮ್ಮ ಕಚೇರಿಯಲ್ಲಿ ಕಂಪ್ಯೂಟರು, ತಂತ್ರಾಂಶಗಳ ಲೆಕ್ಕವಿಡುವ ವ್ಯವಸ್ಥೆಯಾದ ಜಿಎಲ್‌ಪಿಐನಲ್ಲಿ ಒಂದೇ ತಂತ್ರಾಂಶಕ್ಕೆ ತಾನಾಗಿಯೇ ಹಲವು ದಾಖಲೆಗಳು ಹುಟ್ಟಿಕೊಳ್ಳುತ್ತಿರುವುದೇಕೆ ಎಂದು ಈ ವೇದಿಕೆಯಲ್ಲಿ ಕೇಳಿದ್ದೆ. ಈಗ ಕಾರಣ ತಿಳಿದಿದೆ. ಪ್ರತಿ ಕಂಪ್ಯೂಟರಿನಲ್ಲಿರುವ ಏಜೆಂಟ್ (ಮಾಹಿತಿ ಸಂಗ್ರಹಿಸುವ ಪುಟ್ಟ ತಂತ್ರಾಂಶ), ವಿಂಡೋಸ್ ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಗಳಲ್ಲಿರುವ (ಸ್ಥಾಪಿತ ತಂತ್ರಾಂಶಗಳ ಪಟ್ಟಿ ಇರುವ ಜಾಗ) ಹೆಸರನ್ನು ಇದ್ದಂತೆಯೇ ಓದಿ ಕಳುಹಿಸುತ್ತದೆ. ಆ ಹೆಸರಿನ ದಾಖಲೆ ಇಲ್ಲದಿದ್ದರೆ ಸರ್ವರ್ ಹೊಸದನ್ನು ಸೃಷ್ಟಿಸುತ್ತದೆ. ಫೈಲ್ ಕುಗ್ಗಿಸುವ 7-ಜಿಪ್ ತನ್ನ ಹೆಸರಿನೊಳಗೇ ಆವೃತ್ತಿಯ ಸಂಖ್ಯೆಯನ್ನೂ ಬರೆದುಕೊಳ್ಳುವುದರಿಂದ 19.00 ಮತ್ತು 22.01 ಎರಡು ಬೇರೆ ತಂತ್ರಾಂಶಗಳಂತೆ ಪಟ್ಟಿಯಲ್ಲಿ ಕುಳಿತಿದ್ದವು.

ಇಲ್ಲಿನ ಹಿರಿಯರೊಬ್ಬರು ಸೂಚಿಸಿದಂತೆ ಡಿಕ್ಷನರಿ ನಿಯಮದಲ್ಲಿ (ಬಂದ ಹೆಸರುಗಳನ್ನು ಬದಲಿಸುವ ನಿಯಮ), ‘7-ಜಿಪ್’ ಎಂದು ಆರಂಭವಾಗುವ ಹೆಸರುಗಳನ್ನೆಲ್ಲ ಒಂದೇ ಹೆಸರಿಗೆ ತಂದೆ. ಹೊಸ ನಿಯಮ ಹಳೆಯ ದಾಖಲೆಗಳಿಗೆ ತಾನಾಗಿ ಅನ್ವಯಿಸುವುದಿಲ್ಲವಾದ್ದರಿಂದ ಆ ನಿಯಮವನ್ನು ಅವುಗಳ ಮೇಲೆ ಮತ್ತೊಮ್ಮೆ ಚಲಾಯಿಸಲೇಬೇಕು. ನಾನು ಎಡವಿದ್ದು ಅಲ್ಲಿಯೇ. ಆ ಹಿರಿಯರಿಗೆ ಮನಃಪೂರ್ವಕ ಕೃತಜ್ಞತೆಗಳು. ಮಳೆಯಿಂದ ವಿದ್ಯುತ್ ಕೈಕೊಟ್ಟಿರುವ ಸೋಮವಾರಪೇಟೆ ಶಾಖೆಯ ಯಂತ್ರಗಳ ವರದಿಯಷ್ಟೇ ಬರಬೇಕಿದೆ.