ವೈರಸ್ ‘ಮರಿ ಹಾಕುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿಗೆ ರೋಗಾಣುಗಳ ಮೇಲೆ ನಾಲ್ಕು ಪುಟ ಬರೆಯೋಣ ಅಂತ ಕೂತವನು ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಬ್ಯಾಕ್ಟೀರಿಯಾದ ಮಟ್ಟಿಗೆ ತೊಂದರೆ ಇಲ್ಲ. ಅದು ಉದ್ದ ಬೆಳೆಯುತ್ತದೆ, ನಡುವೆ ಗೋಡೆ ಏಳುತ್ತದೆ, ಎರಡಾಗುತ್ತದೆ. ಪಠ್ಯದಲ್ಲಿ ಇದಕ್ಕೆ ‘ದ್ವಿವಿದಳನ’ ಅಂತಿದೆ. ‘ಎರಡಾಗುವುದು’ ಅಂದರೆ ಸಾಕಲ್ವಾ? ನಮ್ಮ ಕರುಳಲ್ಲಿರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾಕ್ಕೆ ಆಹಾರ, ಬಿಸಿ ಎಲ್ಲ ಹದವಾಗಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಗಂಟೆಗೆ ಒಂದು ಹೋಗಿ 8. ಅದೇ ಓಟ 10 ಗಂಟೆ ನಡೆದರೆ ಲೆಕ್ಕ ನೂರು ಕೋಟಿ ದಾಟುತ್ತದೆ. ಬೆಣ್ಣೆದೋಸೆ ಊರಿನ ಮಕ್ಕಳಿಗೆ ಇದು ಹೊಸ ವಿಷಯವೂ ಅಲ್ಲ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು, ಬೆಳಗ್ಗೆ ಪಾತ್ರೆ ತುಂಬ ಮೊಸರು. (ಲ್ಯಾಬಿನಲ್ಲಿ ಬೆಳೆಸುವ ಬ್ಯಾಕ್ಟೀರಿಯಾ ಕಲ್ಚರಿಗೂ ‘ಹೆಪ್ಪು’ ಅನ್ನುವ ಆಸೆ ನನಗಿತ್ತು. ರಕ್ತವೂ ಹೆಪ್ಪುಗಟ್ಟುತ್ತದೆ ಅಂತ ನೆನಪಾಗಿ ಸುಮ್ಮನಾದೆ.)

ತೊಡಕು ಇರುವುದು ವೈರಸ್ಸಿನಲ್ಲಿ. ‘ವೈರಸ್ ಜೀವಕೋಶದೊಳಗೆ ಹೊಕ್ಕು ಮರಿ ಹಾಕುತ್ತದೆ’ ಅಂತ ಬರೆದಿದ್ದೆ. ಓದಲು ಚೆನ್ನಾಗಿದೆ, ಆದರೆ ಸುಳ್ಳು. ಅದು ಮರಿ ಹಾಕುವುದಿಲ್ಲ, ಬ್ಯಾಕ್ಟೀರಿಯಾದ ಹಾಗೆ ಎರಡಾಗುವುದೂ ಇಲ್ಲ. ಪ್ರೋಟೀನಿನ ಡಬ್ಬಿಯಲ್ಲಿ ಮಡಿಸಿಟ್ಟ ಒಂದಿಷ್ಟು ಡಿಎನ್ಎ ಅಥವಾ ಆರ್ಎನ್ಎ, ಕೆಲವಕ್ಕೆ ಮೇಲೊಂದು ಕೊಬ್ಬಿನ ಹೊದಿಕೆ. ಅದರ ಆಸ್ತಿ ಅಷ್ಟೇ. ಜೀವಕೋಶಕ್ಕೆ ಅಂಟಿಕೊಂಡು ಆ ಡಿಎನ್ಎ ಅಥವಾ ಆರ್ಎನ್ಎಯನ್ನು ಒಳಗೆ ಇಳಿಸುತ್ತದೆ. ಆಮೇಲೆ ದುಡಿಯುವುದೆಲ್ಲ ಜೀವಕೋಶ. ತನ್ನ ಕೆಲಸ ಬಿಟ್ಟು ವೈರಸ್ಸಿನ ಬಿಡಿಭಾಗ ತಯಾರಿಸುತ್ತದೆ. ಭಾಗಗಳು ಜೋಡಿಯಾಗುತ್ತವೆ. ಕೊನೆಗೆ ಕೋಶ ಒಡೆದೋ, ಅದರ ಪೊರೆಯಿಂದ ಮೊಗ್ಗಿನ ಹಾಗೆ ಉಬ್ಬಿ ಕಳಚಿಕೊಂಡೋ ಹೊಸ ವೈರಸ್ಸುಗಳು ಹೊರಗೆ ಬರುತ್ತವೆ.

ನಮ್ಮ ಶಾಲೆಯ ಕನ್ನಡ ಮೇಡಂ ಕಾಗೆ ಗೂಡಿನ ಕೋಗಿಲೆಯನ್ನು ಹೋಲಿಕೆಗೆ ತಂದರು. ಆದರೆ ಕೋಗಿಲೆ ಮೊಟ್ಟೆಯನ್ನಾದರೂ ತಾನೇ ಇಡುತ್ತದೆ. ಇದಕ್ಕೆ ಅದೂ ಇಲ್ಲ.

ಕೊನೆಗೆ ಹೀಗೆ ಬರೆದೆ: ‘ವೈರಸ್ ಜೀವಕೋಶದ ಕೈಲಿ ತನ್ನ ನಕಲು ಮಾಡಿಸಿಕೊಳ್ಳುತ್ತದೆ.’ ಕಟಿಂಗ್ ಮಾಡಿಸಿಕೊಂಡು ಬಂದೆ ಅಂತೀವಲ್ಲ, ಹಾಗೆ. ‘ಇಸು’ ಇರುವುದರಿಂದ ದುಡಿದವರು ಬೇರೆ, ‘ಕೊಳ್ಳು’ ಇರುವುದರಿಂದ ಲಾಭ ತನಗೆ. ಅರ್ಧ ಪುಟದ ವಿವರಣೆ ಒಂದೇ ಪದದಲ್ಲಿ ಕೂತಿತು ಅಂತ ನನಗೆ ಖುಷಿ.

‘ವಿಷಾಣು’ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಲ್ಯಾಟಿನ್ನಿನಲ್ಲಿ ವೈರಸ್ ಅಂದರೆ ವಿಷ, ನಿಜ. 1898ರಲ್ಲಿ ತಂಬಾಕು ಎಲೆಯ ರೋಗದ ಬಗ್ಗೆ ಬರೆಯುವಾಗ ಡಚ್ ವಿಜ್ಞಾನಿ ಬೈಜರಿಂಕ್ ಬಳಸಿದ್ದೂ ಅದೇ ಪದ. ಆದರೆ ವಿಷ ಬಿಡುವ ಕೆಲಸ ಜಾಸ್ತಿ ಬ್ಯಾಕ್ಟೀರಿಯಾದ್ದು. ಕಾಲರಾ ಬ್ಯಾಕ್ಟೀರಿಯಾ ಬಿಡುವ ವಿಷಕ್ಕೇ ಕರುಳು ನೀರು ಸುರಿಸುವುದು. ಧನುರ್ವಾಯುವಿನಲ್ಲಿ ಮೈ ಬಿಲ್ಲಿನ ಹಾಗೆ ಬಾಗುವುದೂ ಅಂಥದ್ದೇ ವಿಷ ನರಕ್ಕೆ ಏರಿದಾಗ. ವೈರಸ್ಸಿನ ಹಾವಳಿ ಬೇರೆ ತರಹದ್ದು: ಕೋಶಗಳು ಸಾಯುತ್ತವೆ, ಅದರ ಜೊತೆ ನಮ್ಮ ಮೈಯೇ ಎದ್ದು ಹೋರಾಡುವ ಜ್ವರ, ಮೈಕೈ ನೋವು. ವಿಷಾಣು ಅಂದರೆ ಮಗು ತಿರುವುಮುರುವು ಕಲಿಯುತ್ತದೆ.

ಇನ್ನು ಜಗಳಕ್ಕೆ ಬರುತ್ತೇನೆ. ‘ಮಾಡಿಸಿಕೊಳ್ಳಲು ಮನಸ್ಸು ಬೇಕು, ವೈರಸ್ಸಿಗೆ ಎಲ್ಲಿದೆ?’ ಅಂತ ಮೇಡಂ ತಕರಾರು. ನಾನು ಈರುಳ್ಳಿ ತೋರಿಸಿದೆ. ಅದು ಕಣ್ಣಲ್ಲಿ ನೀರು ತರಿಸುತ್ತದೆ, ಮನಸ್ಸಿದ್ದು ತರಿಸುತ್ತದಾ? ‘ಅದು ಬರೀ ಇಸು’ ಅಂದರು. ಬಾಗಿಲು ಗಾಳಿಗೆ ಹಾಕಿಕೊಂಡಿತು ಅಂತೀವಲ್ಲ ಅಂದೆ. ‘ಅದು ಬರೀ ಕೊಳ್ಳು. ಎರಡೂ ಸೇರಿ ಒಂದು ಜೀವವಿಲ್ಲದ ವಸ್ತುವಿಗೆ ಹತ್ತಿದ್ದು ತೋರಿಸಿ’ ಅಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ಬರಹದಲ್ಲಾಗಲಿ, ಮನೆಮಾತಿನಲ್ಲಾಗಲಿ, ಮನಸ್ಸಿಲ್ಲದ ವಸ್ತು ಏನನ್ನಾದರೂ ‘-ಇಸಿಕೊಂಡ’ ಬಳಕೆ ನಿಮ್ಮ ಕಿವಿಗೆ ಬಿದ್ದಿದೆಯೇ? ಇದ್ದರೆ ಆ ವಾಕ್ಯವನ್ನು ಇದ್ದ ಹಾಗೇ, ಯಾವ ಊರಿನ ಮಾತು ಅನ್ನುವುದರ ಜೊತೆ ಬರೆಯಿರಿ.