ಕ್ಯೋಟೋದಲ್ಲಿ ಕೈಸೆಕಿ ಊಟ: ತಿಳಿದವರು ಹೇಳಿ

ಪ್ರಶ್ನೆ: ಜುಲೈನಲ್ಲಿ ನಾವಿಬ್ಬರು ಕ್ಯೋಟೋಗೆ ಹೋಗ್ತಿದ್ದೀವಿ. ಹಳೇ ಕೈಸೆಕಿ ಮನೆಯೊಂದರಲ್ಲಿ, ಅಂದ್ರೆ ಒಂದೊಂದೇ ತಿನಿಸನ್ನು ಸರದಿಯಲ್ಲಿ ಬಡಿಸೋ ಜಪಾನಿ ಊಟದ ರೆಸ್ಟೋರೆಂಟಿನಲ್ಲಿ, ಊಟ ಮಾಡೋ ಆಸೆ. ನಾನು ಮೀನು ತಿಂತೀನಿ. ನಮ್ಮ ಮನೆಯವರು ಪಕ್ಕಾ ಸಸ್ಯಾಹಾರಿ, ಮಂಡಿನೋವು ಬೇರೆ. ಬುಕಿಂಗ್ ಹೇಗೆ, ಒಳಗೆ ಏನು ಗಮನಿಸಬೇಕು?

— ಗಿಯೊನ್ ಕಡೆ ಕೆಲವು ಮನೆಗಳಲ್ಲಿ ಪರಿಚಯದವರು ಕರೆತಂದರೆ ಮಾತ್ರ ಪ್ರವೇಶ. ಲೆಕ್ಕ ಬರೆದಿಟ್ಟು ಆಮೇಲೆ ವಸೂಲಿ ಮಾಡುವ ಹಳೇ ಪದ್ಧತಿ ಅದು, ಹೊಸಬರಿಗೆ ಕರೆತಂದವರೇ ಜಾಮೀನು. ಅಲ್ಲಿ ಹಟ ಹಿಡಿಯಬೇಡಿ. ನಾನ್ಜೆನ್‌ಜಿ ಹತ್ತಿರದ ಹ್ಯೋತೇ, ಹಿಗಾಶಿಯಾಮಾದ ಕಿಕುನೊಯಿ ಹೊರಗಿನವರಿಗೂ ಬುಕಿಂಗ್ ಕೊಡ್ತಾರೆ. ಮೊದಲು ಹೋಟೆಲ್ ರೂಮ್ ಖಚಿತ ಮಾಡಿಕೊಂಡು, ಅಲ್ಲಿನ ಸಿಬ್ಬಂದಿಯಿಂದಲೇ ಜಪಾನಿಯಲ್ಲಿ ಫೋನ್ ಮಾಡಿಸಿ. ಗಿಯೊನ್ ಉತ್ಸವದ ಮೆರವಣಿಗೆ 17 ಮತ್ತು 24ಕ್ಕೆ, ಅದರ ಆಸುಪಾಸು ಜಾಗ ಸಿಗೋದು ಕಷ್ಟ. ಅವತ್ತೇ ರದ್ದು ಮಾಡಿದರೆ ಸಾಮಾನ್ಯವಾಗಿ ಪೂರ್ತಿ ದುಡ್ಡು ಹೋದಂತೆ, ಯಾಕಂದ್ರೆ ಎಷ್ಟು ಜನ ಅಂತ ನೋಡಿಯೇ ಸಾಮಾನು ತರಿಸಿರ್ತಾರೆ.

ದರ ಕೇಳುವಾಗ ಸರ್ವಿಸ್ ಚಾರ್ಜ್, ತೆರಿಗೆ ಸೇರಿದೆಯಾ ಕೇಳಿ. ಸೇರಿಲ್ಲದಿದ್ದರೆ 30,000 ಯೆನ್ ಊಟ 15% ಸರ್ವಿಸ್, 10% ತೆರಿಗೆ ಹಾಕಿ 37,950 ಆಗುತ್ತೆ. ಮಧ್ಯಾಹ್ನದ ಊಟ ಅಗ್ಗ, ಅಡುಗೆಮನೆ ಅದೇ.

— ನಿಮ್ಮ ಯಜಮಾನರ ವಿಷಯ ಬುಕಿಂಗ್ ದಿನವೇ ಹೇಳಬೇಕು, ಎಲೆ ಮುಂದೆ ಕೂತ ಮೇಲಲ್ಲ. ಬರೀ ‘ಮೀನು ಬೇಡ’ ಅಂದ್ರೆ ಮೀನಿನ ತುಂಡು ತೆಗೀತಾರೆ, ದಾಶಿ ಉಳಿಯುತ್ತೆ. ಕೊಂಬು ಕಡಲಕಳೆ ಮತ್ತು ಹೊಗೆ ಹಾಕಿ ಒಣಗಿಸಿದ ಮೀನಿನ ಎಸಳಿನ (ಕತ್ಸುಓಬುಶಿ) ಆ ಸಾರೇ ಬೇಯಿಸಿದ ತರಕಾರಿಗೂ ಹಾಕೋದು. ‘ಕತ್ಸುಓಬುಶಿ ದಾಶಿಯೂ ಬೇಡ’ ಅಂತ ಬರೆಸಿ. ಎಷ್ಟೋ ಮನೆಗಳು ಆಗಲ್ಲ ಅಂತವೆ, ಆಗಲ್ಲ ಅಂದವರೇ ಮೇಲು. ಅರಾಶಿಯಾಮಾದ ತೆನ್ರ್ಯೂಜಿ ದೇವಾಲಯದ ಶಿಗೆತ್ಸು ನೋಡಿ: ಮಠದ ಶೋಜಿನ್ ಅಡುಗೆ, ಮಧ್ಯಾಹ್ನ ಮಾತ್ರ, ಉದ್ಯಾನದ ಟಿಕೆಟ್ ಬೇರೆ. ಶೋಜಿನ್‌ನಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಮಡಿಯವರಿಗೂ ನಡೆಯುತ್ತೆ.

— ಮಂಡಿನೋವಿಗೆ ಕುರ್ಚಿ-ಮೇಜಿನ ಕೋಣೆ, ಇಲ್ಲವೇ ಕಾಲು ಇಳಿಬಿಡಲು ಮೇಜಿನಡಿ ಗುಂಡಿ ಇರುವ ಹೊರಿಗೊತಾತ್ಸು ಕೇಳಿ. ಶೂ ಬಿಚ್ಚಬೇಕು, ಕಾಲುಚೀಲ ತೂತಿಲ್ಲದ್ದಿರಲಿ. ಸೆಂಟ್ ಬೇಡ. ಉಂಗುರ, ಲೋಹದ ವಾಚ್ ತೆಗೆದಿಡಿ, ಅರಗು ಲೇಪಿಸಿದ ಬಟ್ಟಲಿಗೆ ಗೀರು ಬೀಳುತ್ತೆ. ಚಿತ್ರಪಟ ನೇತುಹಾಕಿದ ಗೂಡಿನಲ್ಲಿ ಬ್ಯಾಗ್ ಇಡಬೇಡಿ.

ಜನ ತಡಕಾಡೋದು ಸಾರಿನ ಬಟ್ಟಲಿನ ಮುಚ್ಚಳಕ್ಕೆ. ಒಳಗಿನ ಹಬೆ ತಣಿದು ಮುಚ್ಚಳ ಕಚ್ಚಿಕೊಂಡಿರುತ್ತೆ, ಜಗ್ಗಿದರೆ ಚೆಲ್ಲುತ್ತೆ. ಎಡಗೈಯಲ್ಲಿ ಬಟ್ಟಲಿನ ಅಂಚನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ. ಗಾಳಿ ಒಳಗೆ ನುಗ್ಗಿದಾಗ ಬಲಗೈಯಲ್ಲಿ ಎತ್ತಿ. ಹನಿಗಳು ಬಟ್ಟಲಿಗೇ ಬೀಳುವಂತೆ ಓರೆ ಮಾಡಿ, ಅಂಗಾತ ತಿರುಗಿಸಿ ಪಕ್ಕಕ್ಕಿಡಿ. ಕುಡಿದ ಮೇಲೆ ಬಂದಂತೆಯೇ ಮುಚ್ಚಿ. ಅಂಗಾತ ಮುಚ್ಚಿದರೆ ಗೀರು.

— ಜುಲೈ ಅಂದ್ರೆ ಹಾಮೋ ಮೀನು, ಗಿಯೊನ್ ಉತ್ಸವಕ್ಕೆ ‘ಹಾಮೋ ಹಬ್ಬ’ ಅಂತಲೂ ಹೆಸರು. ಮೈತುಂಬ ಸಣ್ಣ ಮುಳ್ಳು, ತೆಗೆಯೋಕಾಗಲ್ಲ. ಚರ್ಮ ಕತ್ತರಿಸದ ಹಾಗೆ 3 ಸೆಂಟಿಮೀಟರಿಗೆ ಸುಮಾರು 24 ಗೀಟು ಹಾಕಿ ಮುಳ್ಳನ್ನೇ ತುಂಡು ಮಾಡ್ತಾರೆ. ಬಿಸಿನೀರಿಗೆ ಬಿದ್ದ ಕೂಡಲೇ ಹೂವಿನಂತೆ ಅರಳುತ್ತೆ.

ಅನ್ನ ಕೊನೆಗೇ ಬರೋದು, ಮಿಸೋ ಸಾರು, ಉಪ್ಪಿನಕಾಯಿ ಜೊತೆ. ಮೊದಲೇ ಕೇಳಬೇಡಿ, ಅನ್ನ ಬಂತಂದ್ರೆ ಸಾಕೆ (ಅಕ್ಕಿಯ ಮದ್ಯ) ಕುಡಿಯೋದು ಮುಗೀತು ಅಂತ ಲೆಕ್ಕ. ಎರಡೂವರೆ ಗಂಟೆಯಾದರೂ ಬೇಕು, ಆಮೇಲೆ ರೈಲು ಹಿಡಿಯೋ ಪ್ಲಾನ್ ಇಟ್ಕೋಬೇಡಿ. ಟಿಪ್ಸ್ ಕೊಡೋ ರೂಢಿ ಅಲ್ಲಿಲ್ಲ.