ಹಲಗೆ ತೆಗೆದರೆ ಝುಯ್ ಸದ್ದು ಮಾಯ, ಹಾಕಿದರೆ ಮತ್ತೆ ಶುರು

ಪ್ರಶ್ನೆ:
ಗಿರಾಕಿಯೊಬ್ಬರ ಅಪ್‌ರೈಟ್ ಪಿಯಾನೊ, ಅಂದರೆ ತಂತಿಗಳು ನೆಟ್ಟಗೆ ನಿಂತಿರುವಂಥದ್ದು. ಶ್ರುತಿ ಮಾಡುವಾಗ ಎಲ್ಲಾ ಚೆನ್ನಾಗೇ ಇತ್ತು. ಮುಂಭಾಗದ ಹಲಗೆ ಹಾಕಿ ಅವರ ಕೈಗೆ ಕೊಟ್ಟೆ. ನಡುವಿನ ಎ ಸ್ವರ, ಅಂದರೆ 440 ಹರ್ಟ್ಜ್, ಒತ್ತಿದಾಗಲೆಲ್ಲ ಝುಯ್ ಅಂತ ಸದ್ದು. ಹಲಗೆ ತೆಗೆದರೆ ಇಲ್ಲ! ಕೆಳಗಿನ 110 ಹರ್ಟ್ಜ್‌ನ ಎ ಜೋರಾಗಿ ಹೊಡೆದರೂ ಸ್ವಲ್ಪ ಕೇಳುತ್ತದೆ. ತಂತಿ, ಅದಕ್ಕೆ ಬಡಿಯುವ ಹ್ಯಾಮರ್, ಸದ್ದು ನಿಲ್ಲಿಸುವ ಡ್ಯಾಂಪರ್ ಎಲ್ಲಾ ನೋಡಿಯಾಯ್ತು.

ಇನ್ನೊಂದು ತಲೆನೋವೂ ಇದೆ. ಮೇಲಿನ ಒಂದು ಸ್ವರದ ಮೂರು ತಂತಿಗಳಲ್ಲಿ ಎರಡಕ್ಕೆ ರಬ್ಬರ್ ಬೆಣೆ ಹಾಕಿ ಸದ್ದು ತಡೆದು, ಒಂದೇ ತಂತಿ ನುಡಿಸಿದರೂ ಸದ್ದು ಅಲೆಅಲೆಯಾಗಿ ಬರುತ್ತದೆ.

ಉತ್ತರ:
ಮೊದಲನೆಯದಕ್ಕೆ ತಂತಿಗಳನ್ನು ಬಿಟ್ಟುಬಿಡಿ. 110ರ ನಾಲ್ಕು ಪಟ್ಟು 440 ಅಲ್ವಾ? ಕೆಳಗಿನ ಸ್ವರದೊಳಗೂ ಆ ಕಂಪನ ಇರುತ್ತದೆ. ಅಂದರೆ ಆ ಕಂಪನಕ್ಕೆ ನಡುಗುವ ಸಡಿಲ ವಸ್ತು ಯಾವುದೋ ಇದೆ, ಅದು ಬಹುಶಃ ಹಲಗೆಯಲ್ಲೇ ಇದೆ.

ಹಲಗೆ ಹಾಕಿ, ಯಾರಾದರೂ ಆ ಕೀಯನ್ನು ಒತ್ತುತ್ತಲೇ ಇರಲಿ. ನೀವು ಒಂದೊಂದು ಜಾಗವನ್ನೂ ಅಂಗೈಯಿಂದ ಒತ್ತುತ್ತಾ ಹೋಗಿ. ಚಿಲಕ, ಸ್ಕ್ರೂ, ಪುಸ್ತಕ ಇಡುವ ಪಟ್ಟಿಯ ಹಿಂಜ್, ಅಂಚಿನ ಫೆಲ್ಟ್. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ಹುಡುಕಿ. ಕಿವಿಯನ್ನು ಮಾತ್ರ ನಂಬಬೇಡಿ, ಇಂಥ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಹಾಂ, ಅದಕ್ಕೂ ಮುಂಚೆ ಪಿಯಾನೊ ಮೇಲಿನ ಫೋಟೊ, ದೀಪ ಎಲ್ಲಾ ಕೆಳಗಿಳಿಸಿ. ಕಿಟಕಿ ಗಾಜನ್ನೂ ಒತ್ತಿ ನೋಡಿ. ಎಷ್ಟೋ ಸಲ ಪಿಯಾನೊ ಪಾಪ, ಸುಮ್ನೆ ಬೈಸಿಕೊಳ್ಳುತ್ತದೆ.

ಎರಡನೆಯದು ಶ್ರುತಿಯಿಂದ ಸರಿಹೋಗುವುದಿಲ್ಲ. ಸಾಮಾನ್ಯವಾಗಿ ಬ್ರಿಡ್ಜ್ ಪಿನ್, ಅಂದರೆ ತಂತಿಗಳು ಹಾದುಹೋಗುವ ಮರದ ಪಟ್ಟಿಯಲ್ಲಿ (ಬ್ರಿಡ್ಜ್) ತಂತಿಯನ್ನು ಹಿಡಿದಿಡುವ ಸಣ್ಣ ಲೋಹದ ಕಡ್ಡಿ, ಸಡಿಲವಾಗಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಪಿನ್ನನ್ನು ಪಕ್ಕಕ್ಕೆ ಒತ್ತಿ ಹಿಡಿದು ತಂತಿ ನುಡಿಸಿ. ಅಲೆ ನಿಂತರೆ ಪಿನ್ನೇ ಕಾರಣ. ಬುಡಕ್ಕೆ ನೀರಿನಂಥ ತೆಳು ಸೂಪರ್ ಗ್ಲೂ ಒಂದೇ ಹನಿ ಬಿಡಿ. ಅಪ್‌ರೈಟ್‌ನಲ್ಲಿ ಬ್ರಿಡ್ಜ್ ನೆಟ್ಟಗೆ ನಿಂತಿರುವುದರಿಂದ ಗ್ಲೂ ಕೆಳಗೆ ಹರಿಯುತ್ತದೆ. ಬಟ್ಟೆ ಹಿಡಿದುಕೊಂಡಿರಿ, ತಂತಿಗೆ ತಾಗಿಸಬೇಡಿ. ಅಲೆ ನಿಲ್ಲದಿದ್ದರೆ ತಂತಿಯೇ ಕೆಟ್ಟಿರಬಹುದು. ತುಕ್ಕು ಇದೆಯಾ, ಎಲ್ಲಾದರೂ ಮಡಿಸಿದ ಗುರುತು ಇದೆಯಾ ನೋಡಿ.

ಪ್ರಶ್ನೆ ಕೇಳಿದವರು:
ಸಿಕ್ತು! ಪುಸ್ತಕದ ಪಟ್ಟಿಯ ಉದ್ದ ಹಿಂಜ್. ಒಳಗಿನ ಕಡ್ಡಿ ಸವೆದು ಆಡುತ್ತಿತ್ತು. ಬೆರಳಿಟ್ಟರೆ ಸಾಕು, ಸದ್ದು ನಿಲ್ಲುತ್ತಿತ್ತು. ದಪ್ಪ ಪುಸ್ತಕ ಇಟ್ಟರೂ ಅಷ್ಟೇ, ಹಾಗಾಗಿ ಗಿರಾಕಿ 'ಕೆಲವು ದಿನ ಬರುತ್ತೆ, ಕೆಲವು ದಿನ ಇಲ್ಲ' ಅಂತಿದ್ದರು. ಕಡ್ಡಿ ಹೊರಗೆಳೆದು, ನಡುವೆ ಚೂರು ಬಗ್ಗಿಸಿ, ಮತ್ತೆ ತೂರಿಸಿದೆ. ಬಿಗಿಯಾಗಿ ಕೂತಿದೆ.

ಪಿನ್ ಒತ್ತಿದಾಗ ಅಲೆ ತುಂಬಾ ಕಡಿಮೆಯಾಯ್ತು, ಪೂರ್ತಿ ನಿಲ್ಲಲಿಲ್ಲ. ಗ್ಲೂ ಹಾಕಲಾ, ತಂತಿ ಬದಲಿಸಲಾ?

ಉತ್ತರ:
ಮೊದಲು ಗ್ಲೂ. ಪೂರ್ತಿ ಒಣಗಿದ ಮೇಲೆ ನೋಡಿ. ಆಮೇಲೂ ಉಳಿದರೆ ತಂತಿ ಬದಲಿಸಿ. ಹೊಸ ತಂತಿ ಕೆಲವು ವಾರ ಶ್ರುತಿ ಇಳಿಸಿಕೊಳ್ಳುತ್ತಲೇ ಇರುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ.